ಎತ್ತರದ ಹುಡುಗನ ಕೈಗೆ ಚೆಂಡು

ಹುಡುಗನಿಗೆ 18 ವರ್ಷ. 6 ಅಡಿ 10 ಅಂಗುಲ ಎತ್ತರ. ರೀಬೌಂಡ್ ಹಿಡಿಯುವುದು ಸುಮಾರಾಗಿ ಬರುತ್ತದೆ, ಪಾಸ್ ಕೊಡುವುದು ಕಳಪೆ, ಚೆಂಡನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಇನ್ನೂ ಕಳಪೆ. ಹರಾಜಿಗೆ ಬಂದಿದ್ದಾನೆ. ಇವನನ್ನು ಎಷ್ಟಕ್ಕೆ ಕೂಗಬಹುದು?

ಬಜರ್‌ಬೀಟರ್ ಆಡುವವರ ಮುಂದೆ ವಾರವಾರವೂ ಬಂದು ನಿಲ್ಲುವ ಪ್ರಶ್ನೆ ಇದು. ಬಜರ್‌ಬೀಟರ್ ಎಂದರೆ ಇಂಟರ್ನೆಟ್ಟಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದನ್ನು ನಡೆಸುವ ಆಟ. 2007ರಲ್ಲಿ ಶುರುವಾಯಿತು. ಇಲ್ಲಿ ಬಟನ್ ಒತ್ತಿ ಬಾಸ್ಕೆಟ್ ಹಾಕುವ ಕೆಲಸವಿಲ್ಲ. ನಿಮ್ಮದೊಂದು ತಂಡ, ಅದರಲ್ಲಿ ಕಂಪ್ಯೂಟರ್ ಹುಟ್ಟಿಸಿದ ಹುಡುಗರು. ಯಾರು ಆಡಬೇಕು, ಯಾವ ಜಾಗದಲ್ಲಿ ಆಡಬೇಕು, ಈ ವಾರ ಏನು ಕಲಿಸಬೇಕು, ಟಿಕೆಟ್ಟಿಗೆ ಎಷ್ಟು, ಕ್ರೀಡಾಂಗಣಕ್ಕೆ ಇನ್ನೆಷ್ಟು ಕುರ್ಚಿ, ಎಲ್ಲ ನಿಮ್ಮ ತೀರ್ಮಾನ. ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತದೆ, ನೀವು ಅದರ ವೀಕ್ಷಕ ವಿವರಣೆಯನ್ನು ಸಾಲುಸಾಲಾಗಿ ಓದುತ್ತ ಕೂರುತ್ತೀರಿ. ಒಂದು ಸೀಸನ್ನಿಗೆ 14 ವಾರ. ಹುಡುಗನೊಬ್ಬ ಪೂರ್ತಿ ಆಟಗಾರನಾಗಲು ಹಲವು ಸೀಸನ್ ಬೇಕು. ಅವಸರದವರಿಗೆ ಇದು ಒಗ್ಗುವುದಿಲ್ಲ. ನನಗೆ ಇದು ಹಿಡಿಸಿದ್ದೇ ಆ ನಿಧಾನಕ್ಕೆ.

ಹರಾಜಿಗೆ ಬಂದ ಹುಡುಗನ ಬಗ್ಗೆ ನಮಗೆ ಕಾಣುವುದು ಇಷ್ಟು: ವಯಸ್ಸು, ಎತ್ತರ, ಸಂಬಳ, ಆಟದ ಹತ್ತು ಕೌಶಲಗಳು, ಜೊತೆಗೆ ದಮ್ಮು, ಫ್ರೀ ಥ್ರೋ, ಅನುಭವ. ಇವೆಲ್ಲದರ ಮೇಲೆ ಒಂದು ಪದ: ಪೊಟೆನ್ಷಿಯಲ್. ಅದಕ್ಕೆ ಹನ್ನೆರಡು ಮೆಟ್ಟಿಲು. ತೀರಾ ಕೆಳಗೆ ಅನೌನ್ಸರ್, ನಡುವೆ ಸ್ಟಾರ್ಟರ್, ಸ್ಟಾರ್, ಆಲ್‌ಸ್ಟಾರ್, ಮೇಲಕ್ಕೆ ಹೋದರೆ ಎಂವಿಪಿ, ಹಾಲ್ ಆಫ್ ಫೇಮರ್, ಎಲ್ಲಕ್ಕೂ ತುದಿಯಲ್ಲಿ ಆಲ್‌ಟೈಮ್ ಗ್ರೇಟ್. ಹುಡುಗ ಎಷ್ಟರ ಮಟ್ಟಿಗೆ ಬೆಳೆಯಬಲ್ಲ ಎಂಬುದರ ಮಿತಿ ಅದು. ಮಿತಿ ಹತ್ತಿರವಾದಂತೆ ಕಲಿಕೆ ಮಂದವಾಗುತ್ತದೆ. ಈ ಒಂದು ಪದವನ್ನು ನೋಡಿಯೇ ಜನ ಹಣ ಸುರಿಯುತ್ತಾರೆ. ಕೆಳಗಿನ ಲೀಗುಗಳ ತಂಡಗಳು ಗಳಿಕೆಯನ್ನೆಲ್ಲ ಗುಡ್ಡೆ ಹಾಕಿ ಹಾಲ್ ಆಫ್ ಫೇಮರ್ ಹುಡುಗನನ್ನು ಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ಎತ್ತರದ ಮಿತಿಯನ್ನು ಮುಟ್ಟಿಸಲು ಎಷ್ಟು ಸೀಸನ್ ಬೇಕು, ಮುಟ್ಟಿದ ಮೇಲೆ ಅವನ ಸಂಬಳವನ್ನು ಯಾರು ಕೊಡಬೇಕು? ಸ್ಟಾರ್ ಅಥವಾ ಆಲ್‌ಸ್ಟಾರ್ ಮಟ್ಟದ ಹುಡುಗ ಅಂಥ ತಂಡಕ್ಕೆ ಧಾರಾಳ ಸಾಕು.

ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನೂ ಈಗ ಒಂದು ತಂಡ ಕಟ್ಟಿದ್ದಾನೆ. ಮೇಲೆ ಹೇಳಿದ ಹುಡುಗನ ಪುಟವನ್ನು ಕಳಿಸಿ ಫೋನ್ ಮಾಡಿದ.

“ಚಿಕ್ಕಮ್ಮ, ಇವನನ್ನ ತಗೊಂಡುಬಿಡ್ಲಾ? ದುಡ್ಡಿದೆ.”

“ದುಡ್ಡಿದೆ ಸರಿ, ನಿಮಿಷ ಇದೆಯೇನೋ ನಿನ್ನ ಹತ್ರ?”

ಅವನಿಗೆ ಅರ್ಥವಾಗಲಿಲ್ಲ. ಕೂರಿಸಿಕೊಂಡು ಹೇಳಬೇಕಾದ ಲೆಕ್ಕ ಅದು. ತರಬೇತಿಯ ಫಲ ವಾರಕ್ಕೊಮ್ಮೆ, ಶುಕ್ರವಾರ ಗೊತ್ತಾಗುತ್ತದೆ. ಆ ವಾರದ ಪಂದ್ಯಗಳಲ್ಲಿ ತರಬೇತಿಗೆ ಗೊತ್ತುಪಡಿಸಿದ ಜಾಗದಲ್ಲಿ ಹುಡುಗ 48 ನಿಮಿಷ ಆಡಿದ್ದರೆ ಮಾತ್ರ ಪೂರ್ತಿ ಫಲ. ಬೆಂಚಿನ ಮೇಲೆ ಕೂತು ಯಾರೂ ಕಲಿಯುವುದಿಲ್ಲ. ಒಂದು ಪಂದ್ಯ 48 ನಿಮಿಷ. ಲೀಗಿನ ಎರಡು ಪಂದ್ಯ, ಜೊತೆಗೊಂದು ಸ್ನೇಹಪಂದ್ಯ ಅಥವಾ ಕಪ್ ಪಂದ್ಯ ಎಂದರೆ ವಾರಕ್ಕೆ ಮೂರು. ಒಂದು ಜಾಗಕ್ಕೆ 144 ನಿಮಿಷ. ಅಂದರೆ ಒಂದೇ ಜಾಗದ ಗಟ್ಟಿ ತರಬೇತಿಯನ್ನು ಆರಿಸಿಕೊಂಡರೆ ಮೂರೇ ಮೂರು ಹುಡುಗರಿಗೆ ಅವಕಾಶ. ಎರಡು ಜಾಗಗಳಿಗೆ ಹಂಚಿದರೆ ಹೆಚ್ಚು ಹುಡುಗರು ಕಲಿಯಬಹುದು, ಆದರೆ ತಲಾ ಕಲಿಕೆ ಕಡಿಮೆ. ಇನ್ನೊಂದು ಕಡೆ, ಒಬ್ಬನನ್ನೇ ಅತಿಯಾಗಿ ಆಡಿಸಿದರೆ ಅವನ ಮೈ ಹದ ತಪ್ಪುತ್ತದೆ, ತೀರಾ ಕಡಿಮೆ ಆಡಿಸಿದರೂ ಹಾಗೆಯೇ. ವಾರಕ್ಕೆ ಐವತ್ತರಿಂದ ಎಪ್ಪತ್ತು ನಿಮಿಷದ ಆಸುಪಾಸು ಇದ್ದರೆ ಒಳ್ಳೆಯದೆಂದು ಹಳಬರ ಅನುಭವ.

ಹಣ ಇವತ್ತು ಹೋದರೆ ನಾಳೆ ಬರುತ್ತದೆ. ಆಡಿಸದೆ ಕಳೆದ 48 ನಿಮಿಷ ಮತ್ತೆ ಬರುವುದಿಲ್ಲ. ಅದಕ್ಕೇ ಹುಡುಗನ ಬೆಲೆ ಕಟ್ಟುವಾಗ ನಾನು ಮೊದಲು ಕೇಳಿಕೊಳ್ಳುವುದು, ತರಬೇತಿಗೆ ಇರುವ ಮೂರು ಅವಕಾಶಗಳಲ್ಲಿ ಒಂದನ್ನು ಇವನಿಗೆ ಎಷ್ಟು ಸೀಸನ್ ಬಿಟ್ಟುಕೊಡಬಲ್ಲೆ ಎಂದು. ಘಾಟಿಯ ದನಗಳ ಜಾತ್ರೆಯಲ್ಲಿ ಕರುವಿನ ಹಲ್ಲು ಹಿಡಿದು ನೋಡುವ ರೈತ, ಮನೆಯಲ್ಲಿ ಅದರ ಜೋಡಿಗೆ ಯಾವುದಿದೆ ಎಂಬ ಲೆಕ್ಕವನ್ನೂ ಹಾಕಿಕೊಂಡೇ ಬಂದಿರುತ್ತಾನೆ. ಒಂದೇ ಹುಡುಗ ಒಂದು ತಂಡಕ್ಕೆ ಚಿನ್ನ, ಇನ್ನೊಂದಕ್ಕೆ ಹೊರೆ.

ವಯಸ್ಸಿನ ಬೆಲೆಯೂ ಈ ಲೆಕ್ಕದಿಂದಲೇ ಬರುತ್ತದೆ. ಡ್ರಾಫ್ಟಿಗೆ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಸುತ್ತಿಗೆ, ಬರುವ ಹುಡುಗರು 18 ಅಥವಾ 19ರವರು. ಎಳೆಯ ವಯಸ್ಸಿನಲ್ಲಿ ಕಲಿಕೆ ಚುರುಕು, ವರ್ಷ ಕಳೆದಂತೆ ಇಳಿಯುತ್ತದೆ. ಇಬ್ಬರ ಕೌಶಲ ಒಂದೇ ಇದ್ದರೆ, ಕಿರಿಯವನ ಮುಂದೆ ಅತಿ ಚುರುಕಾದ ಒಂದು ಸೀಸನ್ನಿನ 14 ವಾರಗಳು ಇನ್ನೂ ಉಳಿದಿವೆ. ಕೌಶಲದಲ್ಲಿ ಒಟ್ಟು ಮೂರು ಅಂಕ ಜಾಸ್ತಿ ಇದೆ ಎಂದು 19ರವನನ್ನು ಆರಿಸುವವರಿದ್ದಾರೆ, ಅದೂ ತಪ್ಪಲ್ಲ, ಆದರೆ ಆ ಮೂರು ಯಾವುದರಲ್ಲಿ ಎಂದು ನೋಡಬೇಕು.

ಎತ್ತರದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಹೇಳಲು ಬಹಳವಿದೆ.

ನಾನು ಕಾಲೇಜು ತಂಡಕ್ಕೆ ಆಡಿದವಳು. ಎತ್ತರ ನೋಡಿ ಮೊದಲ ದಿನವೇ ನನ್ನನ್ನು ಬಾಸ್ಕೆಟ್ಟಿನ ಕೆಳಗೆ ನಿಲ್ಲಿಸಿದರು. ಕೈ ಎತ್ತು, ಚೆಂಡು ಹಿಡಿ, ಗಾರ್ಡಿಗೆ ವಾಪಸ್ ಕೊಡು. ಡ್ರಿಬಲ್ ಮಾಡಲು ಹೋದರೆ “ಅದು ನಿನ್ನ ಕೆಲಸ ಅಲ್ಲ” ಎನ್ನುತ್ತಿದ್ದರು. ಕಾಲೇಜು ಮುಗಿಯುವವರೆಗೂ ನಾನು ಅಂಗಳದ ಆ ಒಂದು ಚೌಕದಲ್ಲೇ ಆಡಿದೆ. ಎತ್ತರದ ಮಕ್ಕಳಿಗೆ ಎಲ್ಲ ಕಡೆ ಆಗುವುದು ಇದೇ.

ಬಜರ್‌ಬೀಟರ್‌ನಲ್ಲಿ ಎತ್ತರದಿಂದ ಪಂದ್ಯದಲ್ಲಿ ನೇರ ಲಾಭವಿಲ್ಲ. ಅದರ ಕೆಲಸವೇನಿದ್ದರೂ ಕಲಿಕೆಯ ವೇಗದಲ್ಲಿ. ಉದ್ದನೆಯ ಹುಡುಗ ರೀಬೌಂಡಿಂಗ್, ಶಾಟ್ ಬ್ಲಾಕಿಂಗ್, ಇನ್‌ಸೈಡ್ ಶಾಟ್, ಇನ್‌ಸೈಡ್ ಡಿಫೆನ್ಸನ್ನು ಬೇಗ ಕಲಿಯುತ್ತಾನೆ. ಪಾಸಿಂಗ್, ಹ್ಯಾಂಡ್ಲಿಂಗ್, ಔಟ್‌ಸೈಡ್ ಡಿಫೆನ್ಸನ್ನು ನಿಧಾನವಾಗಿ. ಗಿಡ್ಡನೆಯವನಿಗೆ ಇದರ ತಿರುವುಮುರುವು. ಹಾಗಾಗಿ ಹೆಚ್ಚಿನವರು ಉದ್ದನೆಯವನಿಗೆ ಬೇಗ ಬರುವುದನ್ನೇ ಮೊದಲು ಕಲಿಸುತ್ತಾರೆ. ವಾರವಾರವೂ ಅಂಕಿ ಏರುವುದು ಕಣ್ಣಿಗೆ ಹಬ್ಬ.

ನಾನು ಇದನ್ನು ಒಪ್ಪುವುದಿಲ್ಲ. ತಡವಾಗಿ ಬರುವುದನ್ನು ಕಲಿಸಬೇಕಾದ್ದು ಮೈ ಚುರುಕಾಗಿರುವ 18, 19ರಲ್ಲೇ. ರೀಬೌಂಡ್ ಅವನಿಗೆ 22ರಲ್ಲೂ ಬರುತ್ತದೆ. ಜೊತೆಗೆ ಒಂದು ಕೌಶಲ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ ಎಂಬುದು ವರ್ಷಗಟ್ಟಲೆ ಆಡಿದವರು ಕಂಡುಕೊಂಡದ್ದು: ಆಸರೆಯ ಕೌಶಲಗಳು ಗಟ್ಟಿ ಇದ್ದರೆ ಮುಖ್ಯವಾದದ್ದು ಸಲೀಸಾಗಿ ಏರುತ್ತದೆ, ಒಂದನ್ನೇ ಎತ್ತುತ್ತ ಹೋದರೆ ಅದು ಬಿಗಿದುಕೊಳ್ಳುತ್ತದೆ.

ಆದರೆ ಈ ದಾರಿಗೆ ಸುಂಕ ಕಟ್ಟಬೇಕು. ಔಟ್‌ಸೈಡ್ ಡಿಫೆನ್ಸ್ ಕಲಿಸುವ ಪ್ರೆಶರ್ ತರಬೇತಿಯ ಪೂರ್ತಿ ಫಲ ಬೇಕಾದರೆ ಹುಡುಗ ಪಾಯಿಂಟ್ ಗಾರ್ಡ್ ಜಾಗದಲ್ಲೇ ಆಡಬೇಕು. ನಮ್ಮ 6 ಅಡಿ 10 ಅಂಗುಲದ ಹುಡುಗ, ಚೆಂಡನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಬಾರದವನು, ತಂಡದ ಆಟವನ್ನೆಲ್ಲ ಹೊರಬೇಕಾದ ಜಾಗದಲ್ಲಿ! ಚೆಂಡು ಕಳೆದುಕೊಳ್ಳುತ್ತಾನೆ, ಎದುರಾಳಿ ಗಾರ್ಡ್ ಅವನನ್ನು ದಾಟಿಕೊಂಡು ಹೋಗುತ್ತಾನೆ, ಗೆಲ್ಲಬೇಕಾದ ಪಂದ್ಯ ಕೈಬಿಡುತ್ತದೆ. ಸ್ನೇಹಪಂದ್ಯದಲ್ಲಿ ಸೋತರೆ ಚಿಂತೆಯಿಲ್ಲ, ಲೀಗಿನಲ್ಲಿ ಸೋತರೆ ಕೆಳಗಿನ ದರ್ಜೆಗೆ ಇಳಿಯುವ ಭಯ. ಎದುರಾಳಿ ದುರ್ಬಲವಾಗಿರುವ ದಿನ ನೋಡಿ ಅವನಿಗೆ ನಿಮಿಷ ಕೊಡುವುದು, ಗಟ್ಟಿ ಪಂದ್ಯದಲ್ಲಿ ಹಿಂದೆಗೆಯುವುದು, ಒಬ್ಬ ಕೋಚ್‌ನ ಜಾಣತನ ಕಾಣುವುದು ಇಂಥಲ್ಲಿ.

ಸಂಬಳವೂ ನನ್ನ ವಾದದ ಪರವಾಗಿಯೇ ಇದೆ. ಪ್ರತಿ ಸೀಸನ್ನಿನ ಆರಂಭದಲ್ಲಿ ಕೌಶಲಗಳನ್ನು ಅಳೆದು ಹೊಸ ಸಂಬಳ ನಿಗದಿಯಾಗುತ್ತದೆ. ಒಳಗಿನ ಆಟವನ್ನಷ್ಟೇ ಕಲಿತ ಸೆಂಟರ್‌ನ, ಅಂದರೆ ಬಾಸ್ಕೆಟ್ಟಿನ ಕೆಳಗೆ ಆಡುವವನ, ಸಂಬಳ ಮುಗಿಲು ಮುಟ್ಟುತ್ತದೆ. ಎಲ್ಲವನ್ನೂ ಹದವಾಗಿ ಕಲಿತವನ ಸಂಬಳ ಅವನ ಆಟದ ಲೆಕ್ಕದಲ್ಲಿ ಅಗ್ಗ.

ನಿಜವಾದ ಅಂಗಳದಲ್ಲೂ ಬೆಲೆ ಕಟ್ಟುವವರು ಇದೇ ಇಕ್ಕಟ್ಟಿನಲ್ಲಿದ್ದಾರೆ. ಅಮೆರಿಕದ ಎನ್‌ಬಿಎ ಲೀಗಿನ 2013ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಆಂಟನಿ ಬೆನೆಟ್ ಕೆಲವೇ ಸೀಸನ್‌ಗಳಲ್ಲಿ ಲೀಗಿನಿಂದ ಹೊರಗಾದ. ಅದೇ ಡ್ರಾಫ್ಟಿನಲ್ಲಿ 15ನೆಯವನಾಗಿ ಬಂದ ಯಾನಿಸ್ ಆಂಟೆಟೊಕುಂಪೊ 2019 ಮತ್ತು 2020ರಲ್ಲಿ ಎಂವಿಪಿ, ಅಂದರೆ ಲೀಗಿನ ಅತಿ ಮೌಲ್ಯದ ಆಟಗಾರ, ಆದ. ಮರುವರ್ಷ 41ನೆಯವನಾಗಿ ಆಯ್ಕೆಯಾದ ಸರ್ಬಿಯಾದ ನಿಕೊಲಾ ಯೋಕಿಚ್ 2021, 2022, 2024ರಲ್ಲಿ ಎಂವಿಪಿ. ಯೋಕಿಚ್ ಸೆಂಟರ್, ಆದರೆ ಡೆನ್ವರ್ ತಂಡದ ಆಟ ಸುತ್ತುವುದು ಅವನ ಪಾಸಿನ ಸುತ್ತ. ಅವನ ಆಟ ನೋಡುವಾಗೆಲ್ಲ, ಬಾಸ್ಕೆಟ್ಟಿನ ಕೆಳಗೆ ನಿಲ್ಲಿಸಿದ ಎತ್ತರದ ಮಕ್ಕಳಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್, 7 ಅಡಿ 2 ಅಂಗುಲದ ಹುಡುಗ, 2015ರಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯನಾದ. ಎನ್‌ಬಿಎ ಲೀಗ್ ಪಂದ್ಯವೊಂದರಲ್ಲೂ ಅವನಿಗೆ ಅಂಗಳಕ್ಕಿಳಿಯುವ ಅವಕಾಶ ಸಿಗಲಿಲ್ಲ. ಆಯ್ಕೆ ಒಂದು ಸಂಜೆಯ ಸುದ್ದಿ, ಹುಡುಗನಿಗೆ ಬೇಕಾದ್ದು ನಿಮಿಷಗಳು.

ಅಕ್ಕನ ಮಗ ಆ ಹುಡುಗನನ್ನು ಕೊನೆಗೆ ಕೊಂಡ. ನಾನು ಹೇಳಿದ ಬೆಲೆಯೊಳಗೇ ಹರಾಜು ನಿಂತಿತು. ಅವನ ತಂಡದಲ್ಲಿ ಮೂವತ್ತು ದಾಟಿದ ಗಾರ್ಡ್ ಒಬ್ಬನಿದ್ದ, ಅವನನ್ನು ಮಾರಿಸಿ ಜಾಗ ಮಾಡಿಸಿದೆ. ಹುಡುಗನಿಗೆ ಹಾಕಿಕೊಟ್ಟ ಯೋಜನೆ ಇದು: ಮೊದಲ ಎರಡು ಸೀಸನ್ ಪ್ರೆಶರ್ ಮತ್ತು ಪಾಸಿಂಗ್, ಎರಡೂ ಪಾಯಿಂಟ್ ಗಾರ್ಡ್ ಜಾಗದಲ್ಲಿ. ಮೂರನೆಯ ಸೀಸನ್‌ನಲ್ಲಿ ಫಾರ್ವರ್ಡ್ ಜಾಗಕ್ಕೆ ತಂದು ಒನ್-ಆನ್-ಒನ್ ತರಬೇತಿ, ಅದರಲ್ಲಿ ಡ್ರೈವಿಂಗ್ ಜೊತೆ ಹ್ಯಾಂಡ್ಲಿಂಗ್ ಕೂಡ ಏರುತ್ತದೆ. ರೀಬೌಂಡಿಂಗ್ ಅದಾದ ಮೇಲೆ.