ವಧುವಿನ ಕೈಯಲ್ಲೊಂದು ಬರಹ

ದಾಂಡೇಲಿ ಕಾಗದದ ಗಿರಣಿಗೆ ಹೆಸರಾದ ಊರು. ಅದರ ನೆರೆಯ ಕೋಗಿಲಬನವಿರಲಿ, ಹಳಿಯಾಳವಿರಲಿ, ನಮ್ಮ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಹಿರಿಯರು ಕುಳಿತು ಮೊದಲು ಬರೆಯುವುದು ಯಾದಿ. ಮದುವೆ ಮುಗಿದ ಮೇಲೆ ಆ ಕಾಗದ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ವಧುವಿನ ಕೈಗಂತೂ ಅದು ಸೇರುವುದು ಅಪರೂಪ.

ಯೆಹೂದ್ಯರ ಸಂಪ್ರದಾಯ ಇಲ್ಲಿ ವಿಚಾರಯೋಗ್ಯವಾಗಿದೆ. ಅವರ ವಿವಾಹಪತ್ರಕ್ಕೆ 'ಕೆತುಬಾ' ಎಂದು ಹೆಸರು. 'ಬರೆದದ್ದು' ಎಂದೇ ಅದರ ಅರ್ಥ. ಪ್ರಾಚೀನ ಅರಾಮಿಕ್ ಭಾಷೆಯಲ್ಲಿರುವ ಈ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕುತ್ತಾರೆ. ಮಂಟಪದಲ್ಲಿ ಎಲ್ಲರೆದುರು ಅದನ್ನು ಓದಿ ವಧುವಿನ ವಶಕ್ಕೆ ಕೊಡುತ್ತಾರೆ. ವಿಧವೆಯಾದರೆ ಅಥವಾ ಪತಿ ವಿಚ್ಛೇದನ ಕೊಟ್ಟರೆ ಆಕೆಗೆ ಸಲ್ಲಬೇಕಾದ ಹಣ ಅದರಲ್ಲಿ ನಮೂದಾಗಿರುತ್ತದೆ. ಕನ್ಯೆಗೆ 200 ಝೂಜ್ ಬೆಳ್ಳಿನಾಣ್ಯ, ವಿಧವೆಗೆ 100 ಎಂಬುದು ಹಳೆಯ ಕಟ್ಟಳೆ. ಈ ಹೊಣೆಗೆ ಪತಿಯ ಆಸ್ತಿಯೆಲ್ಲ ಆಧಾರ. ಸಿಟ್ಟಿನ ಭರದಲ್ಲಿ ಹೆಂಡತಿಯನ್ನು ಹೊರಗಟ್ಟುವವನಿಗೆ ಇದೊಂದು ಕಡಿವಾಣವಾಯಿತು.

ಈ ಇತಿಹಾಸದ ಒಂದು ಎಳೆ ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. ಟ್ಯುನೀಸಿಯಾ ಮೂಲದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟನು. ಆತನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಆತನ ಮಗಳ ವಿವಾಹ 1156ರಲ್ಲಿ ಈಜಿಪ್ಟಿನಲ್ಲಿ ನಡೆಯಿತು. ಅವಳು ತಂದ ಒಡವೆ-ವಸ್ತ್ರಗಳ ಯಾದಿ ಇಂದಿಗೂ ಉಳಿದಿದೆ. ಕಲ್ಯಾಣದಲ್ಲಿ ಶರಣರು ಸ್ತ್ರೀಪುರುಷ ಸಮಾನತೆಯನ್ನು ಸಾರಿದ ಶತಮಾನವೂ ಅದೇ ಎಂಬುದನ್ನು ನಾವು ನೆನೆಯಬೇಕು.

ನಮ್ಮಲ್ಲಿ ವಿವಾಹವು ಕರಾರಲ್ಲ, ಸಂಸ್ಕಾರವೆಂಬುದು ನಿಜ. ಆದರೆ ಸಂಸ್ಕಾರವು ಬರಹವನ್ನು ಬೇಡವೆನ್ನುವುದಿಲ್ಲ. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರ ಕಾಯಿದೆಯಂತೆ ಅಪರಾಧ. ಸ್ವಇಚ್ಛೆಯಿಂದ ಬಂದ ಉಡುಗೊರೆಗಳ ಪಟ್ಟಿಯನ್ನು ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು ಸಹಿತ ಬರೆದು ವಧೂವರರಿಬ್ಬರೂ ಸಹಿ ಮಾಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಬಳಿಯೇ ಇರತಕ್ಕದ್ದು. ಎಷ್ಟು ಮನೆಗಳಲ್ಲಿ ಇದು ನಡೆಯುತ್ತಿದೆ? ತವರಿನ ಬಂಗಾರ ತನ್ನದೆಂದು ಹೇಳಲು ಒಂದು ಚೀಟಿಯೂ ಇಲ್ಲದೆ ಕಣ್ಣೀರಿಟ್ಟ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ.

ಮುಂದಿನ ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲೇ ಆ ಪಟ್ಟಿಯನ್ನು ಬರೆಯೋಣ. ಜಂಗಮರ, ಹಿರಿಯರ ಸಮ್ಮುಖದಲ್ಲಿ ಸಹಿ ಮಾಡಿಸಿ ಮಗಳ ಕೈಗಿಡೋಣ. ತವರು ಕೊಡುವ ಉಡುಗೊರೆಗಳಲ್ಲಿ ಅದೂ ಒಂದಾಗಲಿ.