ಕನ್ನಡದ ಲಿಂಕ್ ಒತ್ತಿದರೆ ಎರರ್ ಬರುವುದೇಕೆ? ವಿಳಾಸವನ್ನೊಮ್ಮೆ ಓದಿ ನೋಡಿ

ವೆಬ್ ಪುಟ ತೆರೆಯದಿದ್ದಾಗ ಬಹುತೇಕರು ಮೊದಲು ಬೈಯುವುದು ನೆಟ್‌ವರ್ಕನ್ನು. ಆದರೆ ಪರದೆಯ ಮೇಲೆ 400 ಅಥವಾ 404 ಎಂಬ ಸಂಖ್ಯೆ ಕಾಣಿಸಿದರೆ ನೆಟ್‌ವರ್ಕ್ ತನ್ನ ಕೆಲಸ ಮುಗಿಸಿದೆ ಎಂದೇ ಅರ್ಥ. ಕೋರಿಕೆ ಸರ್ವರ್ ತಲುಪಿದೆ, ಅಲ್ಲಿಂದ ಉತ್ತರವೂ ಬಂದಿದೆ. ಆಗ ವೈಫೈ ಆಫ್ ಮಾಡಿ ಆನ್ ಮಾಡುವುದರಿಂದ ಪ್ರಯೋಜನವಿಲ್ಲ. ಎಷ್ಟೋ ಬಾರಿ ಕೆಟ್ಟಿರುವುದು ವಿಳಾಸ, ಅಂದರೆ ಯುಆರ್‌ಎಲ್.

ಈ ಸಂಖ್ಯೆಗಳಿಗೆ ಅರ್ಥವಿದೆ. 404 ಎಂದರೆ ವಿಳಾಸ ಓದಲು ಬಂತು, ಆದರೆ ಅಲ್ಲಿ ಪುಟ ಇಲ್ಲ. 400 ಎಂದರೆ ಕಳುಹಿಸಿದ ಕೋರಿಕೆಯೇ ಸರಿಯಿಲ್ಲ. ವಿಳಾಸ ಮಿತಿಮೀರಿ ಉದ್ದವಾಗಿದ್ದರೆ 414. ಇನ್ನು 500 ಬಂದರೆ ಆ ತಾಣದ ತಂತ್ರಾಂಶವೇ ಎಡವಿದೆ. ವಿಚಿತ್ರವೆಂದರೆ, ತಪ್ಪಾದ ಒಂದು ವಿಳಾಸವೇ ತಂತ್ರಾಂಶವನ್ನು ಹೀಗೆ ಎಡವಿ ಬೀಳಿಸಬಲ್ಲದು.

ಕನ್ನಡದ ಲಿಂಕ್‌ಗಳಿಗೆ ಈ ಕಾಟ ತುಸು ಹೆಚ್ಚು. ಟಿಮ್ ಬರ್ನರ್ಸ್-ಲೀ ಮತ್ತು ಜೊತೆಗಾರರು 1994ರಲ್ಲಿ ಯುಆರ್‌ಎಲ್ ನಿಯಮಗಳನ್ನು ಬರೆದಾಗ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗಷ್ಟೇ ಜಾಗವಿತ್ತು. 2005ರಲ್ಲಿ ಪರಿಷ್ಕೃತವಾದ ನಿಯಮಾವಳಿಯಲ್ಲೂ ಅದು ಬದಲಾಗಲಿಲ್ಲ. ಹಾಗಾಗಿ ಕನ್ನಡ ಅಕ್ಷರಗಳು ವೇಷ ಮರೆಸಿಕೊಂಡೇ ಪ್ರಯಾಣ ಮಾಡಬೇಕು. ‘ಕ’ ಅಕ್ಷರ ‘%ಇ0%ಬಿ2%95’ ಎಂದಾಗುತ್ತದೆ (ಇಲ್ಲಿ ಕನ್ನಡದಲ್ಲಿ ಬರೆದ ಇ, ಬಿ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರಗಳಾಗಿರುತ್ತವೆ). ಒಂದು ಅಕ್ಷರ, ಒಂದು ಗುಣಿತ ಚಿಹ್ನೆ ಅಥವಾ ಒಂದು ಅರ್ಧಾಕ್ಷರ ಚಿಹ್ನೆ, ಪ್ರತಿಯೊಂದಕ್ಕೂ ಒಂಬತ್ತು ಸ್ಥಾನ ಬೇಕು. ‘ಕನ್ನಡ’ ಎಂಬ ಪದ 45 ಸ್ಥಾನ ಹಿಡಿದರೆ ‘ಬೆಂಗಳೂರು’ 72 ಸ್ಥಾನ ಹಿಡಿಯುತ್ತದೆ. (ಇದು ತಾಣದ ಹೆಸರಿನ ನಂತರದ ಭಾಗದ ಮಾತು. ‘.ಭಾರತ’ದಂಥ ಕನ್ನಡ ಡೊಮೇನ್‌ಗಳಿಗೆ ಪ್ಯೂನಿಕೋಡ್ ಎಂಬ ಬೇರೆ ಪದ್ಧತಿ ಇದೆ.)

ಕನ್ನಡ ವಿಕಿಪೀಡಿಯದ ಪುಟ ತೆರೆದಾಗ ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಅಂದವಾದ ಕನ್ನಡವೇ ಕಾಣುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಹೊರಬರುತ್ತದೆ. ಇಷ್ಟುದ್ದದ ಬಾಲ ಇಮೇಲ್‌ನಲ್ಲಿ ಎರಡು ಸಾಲಿಗೆ ಮುರಿದರೆ, ಅಥವಾ ಕಾಪಿ ಮಾಡುವಾಗ ಕೊನೆ ತಪ್ಪಿಹೋದರೆ, ಮೂರು ತುಂಡಿನ ಅಕ್ಷರದಲ್ಲಿ ಎರಡೇ ತುಂಡು ಉಳಿಯುತ್ತದೆ. ಅದು ಯಾವ ಅಕ್ಷರವೂ ಅಲ್ಲ. ಕೆಲವು ಸರ್ವರ್‌ಗಳು 400 ಎನ್ನುತ್ತವೆ, ಕೆಲವು ಇದನ್ನೇ ಬೇರೊಂದು ಹೆಸರೆಂದು ಭಾವಿಸಿ 404 ಎನ್ನುತ್ತವೆ. ಅನೇಕ ಕನ್ನಡ ತಾಣಗಳು ಸುದ್ದಿ ಕನ್ನಡದಲ್ಲಿದ್ದರೂ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡುವುದಕ್ಕೆ ಇದೂ ಒಂದು ಕಾರಣ. ಸುಲಭದ ದಾರಿ ಹೌದು, ಆದರೆ ಕನ್ನಡದ ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಓದುವ ಪಾಡು ಓದುಗರದ್ದು.

ಇನ್ನೊಂದು ತೊಂದರೆ ಕಣ್ಣಿಗೇ ಬೀಳುವುದಿಲ್ಲ. ‘ಫೇಸ್‌ಬುಕ್’ ಎಂದು ಬರೆಯುವಾಗ ‘ಸ್’ಗೆ ‘ಬು’ ಒತ್ತಾಗಿ ಅಂಟದಂತೆ ನಡುವೆ ಒಂದು ಅದೃಶ್ಯ ಅಕ್ಷರ ಹಾಕಬೇಕಾಗುತ್ತದೆ. ಕೆಲವು ಕೀಲಿಮಣೆಗಳು ಮತ್ತು ಫಾಂಟ್ ಪರಿವರ್ತಕಗಳು ಇದನ್ನು ಪದದ ಕೊನೆಗೂ ಅಂಟಿಸಿಬಿಡುತ್ತವೆ. ಆಗ ‘ಬಸ್’ ಎಂಬ ಎರಡು ಪದಗಳು ನೋಡಲು ಒಂದೇ, ಸರ್ವರ್‌ಗೆ ಮಾತ್ರ ಬೇರೆ ಬೇರೆ. ಹೀಗಾದಾಗ ಕಾಗುಣಿತ ಎಷ್ಟು ತಿದ್ದಿದರೂ ಪುಟ ತೆರೆಯುವುದಿಲ್ಲ. ಪದವನ್ನು ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಪರಿಹಾರ. ತಾಣ ನಡೆಸುವವರು ಈ ಅದೃಶ್ಯ ಅಕ್ಷರವನ್ನು ಪದದ ಕೊನೆಯಿಂದಷ್ಟೇ ತೆಗೆಯಬೇಕು. ಎಲ್ಲ ಕಡೆಯಿಂದ ತೆಗೆದರೆ ‘ಫೇಸ್‌ಬುಕ್’ ಕೆಡುತ್ತದೆ.

ವೆಬ್ ಅಪ್ಲಿಕೇಶನ್ ಬರೆಯುವವರು, ಪುಣೆ, ಹೈದರಾಬಾದ್‌ಗಳಲ್ಲಿ ಇಂಥ ಕನ್ನಡಿಗರಿಗೇನೂ ಕೊರತೆಯಿಲ್ಲ, ಇನ್ನೂ ಕೆಲವು ಚಿಹ್ನೆಗಳ ಮೇಲೆ ಕಣ್ಣಿಡಬೇಕು. ಮೊದಲನೆಯದು ಶೇಕಡಾ ಚಿಹ್ನೆಯೇ. ಗ್ರಾಹಕ ‘50% ರಿಯಾಯಿತಿ’ ಎಂದು ಹುಡುಕಿದಾಗ ಆ ಚಿಹ್ನೆಯನ್ನು ‘%25’ ಎಂದು ಬದಲಿಸದೆ ವಿಳಾಸಕ್ಕೆ ಸೇರಿಸಿದರೆ, ಓದುವ ತಂತ್ರಾಂಶ ಅದರ ಮುಂದೆ ಸಂಕೇತಕ್ಕಾಗಿ ತಡಕಾಡುತ್ತದೆ. ಜಾವಾಸ್ಕ್ರಿಪ್ಟ್ ‘ಯುಆರ್‌ಐ ಮಾಲ್‌ಫಾರ್ಮ್ಡ್’ ಎಂದು ಕೈಚೆಲ್ಲುತ್ತದೆ. ಆ ದೋಷವನ್ನು ಹಿಡಿದು 400 ಎಂದು ತಿಳಿಸುವ ಏರ್ಪಾಡು ಇಲ್ಲದಿದ್ದರೆ ಬಳಕೆದಾರನಿಗೆ 500 ಕಾಣುತ್ತದೆ, ಡೆವಲಪರ್ ಡೇಟಾಬೇಸ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾನೆ.

ಪ್ಲಸ್ ಚಿಹ್ನೆಯೂ ಕಡಿಮೆಯಿಲ್ಲ. ಫಾರ್ಮ್‌ಗಳ ಲೋಕದಲ್ಲಿ ಅದಕ್ಕೆ ಖಾಲಿ ಜಾಗ ಎಂಬ ಅರ್ಥವಿದೆ. ‘+91’ರಿಂದ ಶುರುವಾಗುವ ಮೊಬೈಲ್ ಸಂಖ್ಯೆ ಪ್ಲಸ್ ಕಳೆದುಕೊಂಡು ತಲುಪುತ್ತದೆ, ಒಟಿಪಿ ಬರುವುದಿಲ್ಲ. ಅಂಗಡಿಯ ಹೆಸರಿನಲ್ಲಿ ‘&’ ಇದ್ದರೆ ಹೆಸರು ಅಲ್ಲಿಗೇ ತುಂಡು. ‘#’ ನಂತರದ ಭಾಗವಂತೂ ಸರ್ವರ್‌ಗೆ ಹೋಗುವುದೇ ಇಲ್ಲ. ಬಳಕೆದಾರ ಕೊಟ್ಟ ಪ್ರತಿ ಮೌಲ್ಯವನ್ನೂ ಬೇರೆಬೇರೆಯಾಗಿ, ಒಂದೇ ಒಂದು ಸಲ ಎನ್‌ಕೋಡ್ ಮಾಡಬೇಕು. ಎರಡು ಸಲ ಮಾಡಿದರೆ ಖಾಲಿ ಜಾಗದ ‘%20’ ಹೋಗಿ ‘%2520’ ಆಗುತ್ತದೆ. ದೋಷ ಹುಡುಕುವಾಗ ‘%25’ ಕಣ್ಣಿಗೆ ಬಿದ್ದರೆ ಮೊದಲು ಶಂಕಿಸಬೇಕಾದ್ದು ಇದನ್ನೇ.

ಸಾಮಾನ್ಯ ಓದುಗರು ಲಿಂಕಿನ ಕೊನೆಯನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ. ವಾಕ್ಯದ ಪೂರ್ಣವಿರಾಮವೋ ಆವರಣ ಚಿಹ್ನೆಯೋ ಅಂಟಿಕೊಂಡಿದ್ದರೆ ಅಳಿಸಿ. ಬಾಲ ಅರ್ಧಕ್ಕೆ ನಿಂತಿದ್ದರೆ ಕಳುಹಿಸಿದವರಿಂದ ಮತ್ತೆ ಪಡೆಯಿರಿ, ಇಲ್ಲವೇ ತಾಣದ ಮುಖಪುಟಕ್ಕೆ ಹೋಗಿ ಶೀರ್ಷಿಕೆ ಹುಡುಕಿ. ಪ್ರಶ್ನಾರ್ಥಕ ಚಿಹ್ನೆಯ ನಂತರ ಇರುವುದನ್ನೆಲ್ಲ ಕಣ್ಣುಮುಚ್ಚಿ ಅಳಿಸಬೇಡಿ. ಸುದ್ದಿಯ ಲಿಂಕ್‌ನಲ್ಲಿ ಅದು ಎಲ್ಲಿಂದ ಬಂದಿರಿ ಎಂಬ ಲೆಕ್ಕವಷ್ಟೇ ಇರಬಹುದು, ಅರ್ಜಿಯ ಲಿಂಕ್‌ನಲ್ಲಿ ನಿಮ್ಮ ಅರ್ಜಿ ಸಂಖ್ಯೆಯೇ ಇರಬಹುದು.

ಶುಲ್ಕ ಕಟ್ಟಿ ತಾಣಕ್ಕೆ ಮರಳುವಾಗ ಎರರ್ ಬಂದರೆ ಎಚ್ಚರ. ಕೆಟ್ಟಿರುವುದು ಮರಳುವ ವಿಳಾಸ ಮಾತ್ರ, ಹಣ ಆಗಲೇ ಕಡಿತವಾಗಿರಬಹುದು. ಕೊನೆಯ ದಿನಾಂಕದ ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟುವ ಮೊದಲು ಬ್ಯಾಂಕ್ ಖಾತೆ ನೋಡಿ, ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಸಹಾಯವಾಣಿಗೆ ದೂರು ಕೊಡುವಾಗ ಎರರ್ ಸಂಖ್ಯೆ ಮತ್ತು ಸಮಯವನ್ನೂ ತಿಳಿಸಿ.

ಲಿಂಕ್ ಸರಿಪಡಿಸುವ ನೆಪದಲ್ಲಿ ಯಾರಾದರೂ ಹೊಸ ಲಿಂಕ್ ಕಳುಹಿಸಿದರೆ ‘//’ ನಂತರ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಹೆಸರನ್ನು ಓದಿ. ಆ ಭಾಗದಲ್ಲಿ ‘@’ ಇದ್ದರೆ ಬ್ರೌಸರ್ ಹೋಗುವುದು ಅದರ ನಂತರ ಬರೆದಿರುವ ತಾಣಕ್ಕೆ. ಮುಂಚೆ ಬರೆದಿರುವ ಬ್ಯಾಂಕಿನ ಹೆಸರು ಬರೀ ತೋರಿಕೆ.