ಬಿಸಿಯೂಟದ ತಟ್ಟೆಗೆ ಮೊಟ್ಟೆ ಬಂದ ಬಗೆ

ಹಸಿದ ಮಗುವಿನ ತಲೆಗೆ ಪಾಠ ಹತ್ತದೆಂಬ ಅರಿವು ನಮ್ಮ ದಕ್ಷಿಣದೇಶದಲ್ಲಿ ಬಹುಕಾಲದಿಂದ ಉಂಟು. ಮದರಾಸು ರಾಜ್ಯದಲ್ಲಿ ಕಾಮರಾಜರು 1956ರ ಸುಮಾರಿಗೇ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದ್ದರು. ಬೇಯಿಸಿದ ಆಹಾರವನ್ನು ಶಾಲೆಯಲ್ಲಿಯೇ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ರಾಜ್ಯಗಳಿಗೆಲ್ಲ ಆಜ್ಞಾಪಿಸಿದ ಮೇಲೆ, ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಬಳಿಕ ಇಡೀ ನಾಡಿಗೆ ಹಬ್ಬಿತು.

ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಪುಷ್ಟಿ ಸಲ್ಲುವುದು ಬೇರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ನಮ್ಮ ರಾಜ್ಯದಲ್ಲಿ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನೂರಕ್ಕೆ 36.2ರಷ್ಟಿದ್ದರು, 2019-21ರ ಸಮೀಕ್ಷೆಯಲ್ಲಿಯೂ ಅವರು 35.4ರಷ್ಟು. ಪ್ರಾಥಮಿಕ ಶಾಲೆಯ ಮಗುವಿನ ಊಟದಲ್ಲಿ 450 ಕ್ಯಾಲರಿ ಶಕ್ತಿಯೂ 12 ಗ್ರಾಂ ಪ್ರೋಟೀನೂ ಇರಬೇಕೆಂದು 2013ರ ಆಹಾರ ಭದ್ರತಾ ಕಾಯಿದೆಯು ವಿಧಿಸುತ್ತದೆ. ಅನ್ನದಿಂದ ಶಕ್ತಿಯ ಲೆಕ್ಕವು ಸುಲಭವಾಗಿ ಕೂಡಿಬರುತ್ತದೆ. ಪ್ರೋಟೀನಿನ ಲೆಕ್ಕವಾದರೋ ಸಾಂಬಾರಿನೊಳಗಿನ ಬೇಳೆಯನ್ನು ಅವಲಂಬಿಸಿದೆ, ಬೇಳೆಯ ಬೆಲೆ ಏರಿದಂತೆಲ್ಲ ಸಾಂಬಾರು ತೆಳ್ಳಗಾಗುವುದನ್ನು ಕಾಣದವರಾರು? 2013ರ ಆಗಸ್ಟಿನಲ್ಲಿ ಬಂದ ಕ್ಷೀರಭಾಗ್ಯವು, 18 ಗ್ರಾಂ ಹಾಲಿನ ಪುಡಿಯಿಂದ ಕದಡಿದ 150 ಮಿಲಿಲೀಟರ್ ಹಾಲನ್ನು ಕೊಟ್ಟು, ಈ ಕೊರತೆಯನ್ನು ಕೊಂಚಮಟ್ಟಿಗೆ ನೀಗಿತು.

ಮೊಟ್ಟೆಯ ವಿಶೇಷವೆಂದರೆ, ಸುಮಾರು 6 ಗ್ರಾಂ ಉತ್ತಮ ಪ್ರೋಟೀನನ್ನು ಒಳಗಿಟ್ಟುಕೊಂಡು ಬರುವ ಅದಕ್ಕೆ ನೀರು ಬೆರೆಸಲಾಗದು. ಸಿಪ್ಪೆ ಸುಲಿದು ತಟ್ಟೆಗೆ ಹಾಕಿದ ಕ್ಷಣವೇ ಮಗುವಿನ ಪಾಲು ಮಗುವಿಗೆ ಮುಟ್ಟಿತೋ ಇಲ್ಲವೋ ಎಂಬುದು ತಾಯಿಗೂ ಶಿಕ್ಷಕರಿಗೂ ಸ್ವತಃ ಮಗುವಿಗೂ ಗೋಚರವಾಗುತ್ತದೆ. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು, ಎಂಬ ಕ್ರಮವು ಆರಂಭವಾದಾಗ ಕೆಲವು ಮಠಾಧೀಶರು ಪ್ರತಿಭಟಿಸಿದರು; ಗಂಗಾವತಿಯ ವಿದ್ಯಾರ್ಥಿನಿಯರು ತಮಗೆ ಮೊಟ್ಟೆ ಬೇಕೆಂದು ದಿಟ್ಟತನದಿಂದ ನುಡಿದರು. ಮನೆಯ ಆಚಾರವನ್ನು ಶಾಲೆಯು ಮೀರಬಾರದೆಂಬುದು ನ್ಯಾಯವೇ. ಆದರೆ ಮನೆಯಲ್ಲಿ ಮೊಟ್ಟೆಯನ್ನು ತಿನ್ನುವ, ಆದರೆ ಕೊಳ್ಳಲು ಶಕ್ತಿಯಿಲ್ಲದ ಕುಟುಂಬದ ಮಗುವಿಗೆ ಪರರ ಆಚಾರದ ಹೆಸರಿನಲ್ಲಿ ಅದನ್ನು ನಿರಾಕರಿಸುವುದು ನನ್ನ ಮಟ್ಟಿಗೆ ಅನ್ಯಾಯವೆಂದೇ ತೋರುತ್ತದೆ. ಮೊಟ್ಟೆ ದೊರೆತ ಯಾದಗಿರಿಯ ಮಕ್ಕಳನ್ನು ದೊರೆಯದ ಗದಗಿನ ಮಕ್ಕಳೊಡನೆ ಹೋಲಿಸಿ ನೋಡಿದ ಅಧ್ಯಯನದಲ್ಲಿ ಯಾದಗಿರಿಯವರ ತೂಕವೇ ಹೆಚ್ಚಾಗಿ ಏರಿತ್ತು. ಯೋಜನೆಯು ಅನಂತರ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವಾರದ ನಾಲ್ಕು ದಿನಗಳ ವೆಚ್ಚವನ್ನು ವಹಿಸಿಕೊಂಡುದರಿಂದ, ಸರಕಾರದ ಎರಡು ದಿನಗಳು ಸೇರಿ ವಾರಕ್ಕೆ ಆರು ಮೊಟ್ಟೆಗಳಾದವು.

ಇಷ್ಟಾಗಿಯೂ ಒಂದು ತೊಡಕು ಶಾಲೆಯ ಅಡುಗೆಮನೆಯಲ್ಲಿಯೇ ಕುಳಿತಿದೆ. ಮೊಟ್ಟೆಯೊಂದಕ್ಕೆ ಗೊತ್ತುಮಾಡಿದ ಆರು ರೂಪಾಯಿಯೊಳಗೆ ಕೊಳ್ಳುವ ಬೆಲೆಯಷ್ಟೇ ಅಲ್ಲದೆ, ಬೇಯಿಸುವ ಗ್ಯಾಸು, ಸಾಗಿಸುವ ಖರ್ಚು, ಬಿಸಿಯೂಟದ ಅಕ್ಕಂದಿರು ನೂರಾರು ಮೊಟ್ಟೆಗಳನ್ನು ಬಿಸಿಬಿಸಿಯಾಗಿಯೇ ಸುಲಿಯುವ ಕೆಲಸಕ್ಕೆ ಕೊಡುವ ಕೆಲವು ಪೈಸೆ, ಇವೆಲ್ಲವೂ ಅಡಗಬೇಕು. ಪೇಟೆಯಲ್ಲಿ ಮೊಟ್ಟೆಯ ದರವೇ ಆರನ್ನು ದಾಟಿದಾಗ ಮುಖ್ಯಶಿಕ್ಷಕರು ಕೈಯಿಂದ ಹಣ ಹಾಕುವುದುಂಟು, ಇಲ್ಲವೇ ಸಣ್ಣ ಮೊಟ್ಟೆಗಳನ್ನು ಆರಿಸಿ ತರುವುದುಂಟು. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ದಿನದಿನವೂ ದರವನ್ನು ಪ್ರಕಟಿಸುತ್ತಿರುವಾಗ, ಆ ದರವನ್ನು ಅನುಸರಿಸಿ ತಿಂಗಳಿಗೊಮ್ಮೆ ಅನುದಾನವನ್ನು ಪರಿಷ್ಕರಿಸುವುದು ಕಷ್ಟಸಾಧ್ಯವೇನಲ್ಲ. ಸುಲಿಯುವ ಕೂಲಿಯನ್ನು ಅದರಿಂದ ಬೇರ್ಪಡಿಸಿ ಅಡುಗೆಯವರ ಕೈಗೆ ನೇರವಾಗಿ ಸಲ್ಲಿಸುವುದೂ ಅದೇ ಆದೇಶದಲ್ಲಿ ಆಗಬಹುದು.